ಕೇಳದೆ ಕೊಳ್ಳುವುದು ಹೇಗೆ? ಮನೆಯ ಸ್ಪೀಕರುಗಳ ವಿಚಾರ

ಮಡಕೆ ಕೊಳ್ಳುವವನು ಬಡಿದು ನೋಡಿ ಕೊಳ್ಳುತ್ತಾನೆ. ಎಮ್ಮೆ ಕೊಳ್ಳುವವನು ಒಂದು ಹೊತ್ತು ಕರೆದು ನೋಡಿ ಕೊಳ್ಳುತ್ತಾನೆ. ಆದರೆ ಎರಡು ಮೂರು ತಿಂಗಳ ಪಗಾರವನ್ನು ಒಮ್ಮೆಗೇ ನುಂಗುವ ಉತ್ತಮ ದರ್ಜೆಯ ಸ್ಪೀಕರುಗಳನ್ನು ಮಾತ್ರ ಕೇಳಿ ನೋಡದೆಯೇ ಕೊಳ್ಳಬೇಕಾದ ಪ್ರಸಂಗ ನಮ್ಮಲ್ಲಿ ಅನೇಕರಿಗೆ ಬರುತ್ತಿದೆ. ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕೆಲವರು ಬೋನಸ್ಸಿನ ಹಣವನ್ನೋ ಗ್ರಾಚ್ಯುಟಿಯ ಒಂದು ಭಾಗವನ್ನೋ ಕೈಯಲ್ಲಿಟ್ಟುಕೊಂಡು, "ಒಳ್ಳೆಯದು ಯಾವುದು, ಹೇಳಿರಿ" ಎಂದು ನಮ್ಮನ್ನು ಕೇಳಿದ್ದುಂಟು. ಇಂಥದನ್ನೇ ಕೊಳ್ಳಿರಿ ಎಂದು ಹೆಸರು ಸೂಚಿಸುವುದು ಈ ಲೇಖನದ ಉದ್ದೇಶವಲ್ಲ. ಕೇಳಿ ನೋಡುವ ಅವಕಾಶವಿಲ್ಲದಾಗ ಯಾವುದನ್ನು ನೆಚ್ಚಬೇಕು, ಯಾವುದನ್ನು ನೆಚ್ಚಬಾರದು ಎಂಬುದನ್ನು ನಾವು ಓದಿ ತಿಳಿದಷ್ಟು ಇಲ್ಲಿ ನಿವೇದಿಸುತ್ತೇವೆ.

ತೊಡಕು ಎಲ್ಲರಿಗೂ ಗೊತ್ತಿರುವುದೇ. ಬೆಲೆಬಾಳುವ ಸ್ಪೀಕರುಗಳನ್ನು ನುಡಿಸಿ ತೋರಿಸುವ ಮಳಿಗೆಗಳು ಮುಂಬಯಿಯಂತಹ ನಗರದಲ್ಲಿಯೂ ಕೆಲವೇ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ವಿದ್ಯುತ್ ಸಾಮಾನುಗಳ ಅಂಗಡಿಗಳು ಸಾಲುಸಾಲಾಗಿ ಇವೆ. ಆದರೆ ಕಟ್ಟಿಟ್ಟ ಪೆಟ್ಟಿಗೆಯನ್ನು ಬಿಚ್ಚಿ ನುಡಿಸಿ ತೋರಿಸೆಂದರೆ ಅಂಗಡಿಯವನು ಒಪ್ಪುವುದು ಅಪರೂಪ. ನಮಗೆ ಬಿಡುವು ಸಿಗುವ ಭಾನುವಾರ ಅಲ್ಲಿ ಬಹುಪಾಲು ಬಾಗಿಲು ಮುಚ್ಚಿರುತ್ತದೆ. ಗಿರಾಕಿಯ ಚಪ್ಪಲಿಯನ್ನು ನೋಡಿಯೇ ಅವನ ಯೋಗ್ಯತೆಯನ್ನು ಅಳೆಯುವ ಮಾರಾಟಗಾರರೂ ಇಲ್ಲದಿಲ್ಲ. ಕೊನೆಗೆ ಉಳಿಯುವುದು ಅಂತರ್ಜಾಲದ ಚಿತ್ರ, ಬೆಲೆ ಮತ್ತು ಹೊಗಳಿಕೆ.

ಅಂಗಡಿಯಲ್ಲಿ ಕೇಳಿದ್ದು ಎಷ್ಟು ನಿಜ?

ಮೊದಲು ಒಂದು ಸಮಾಧಾನದ ಮಾತು. ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿ ಕೊಂಡವನು ಕೇಳದೆ ಕೊಂಡವನಿಗಿಂತ ಬಹಳ ಸುರಕ್ಷಿತನೆಂದು ತಿಳಿಯಬೇಕಾಗಿಲ್ಲ. ಕೆನಡಾ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಈ ವಿಷಯವಾಗಿ ಅನೇಕ ಪ್ರಯೋಗಗಳನ್ನು ಮಾಡಿದರು. ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು, ಎಲ್ಲವನ್ನೂ ಸಮನಾದ ಗಟ್ಟಿತನದಲ್ಲಿ ನುಡಿಸಿ, ಕೇಳುಗರಿಂದ ಅಂಕ ಹಾಕಿಸಿದರು. ಹೆಸರೂ ಬೆಲೆಯೂ ಕಾಣದಾಗ ಬೇರೆ ಬೇರೆ ಕೇಳುಗರ ಅಭಿರುಚಿ ಆಶ್ಚರ್ಯವೆನಿಸುವಷ್ಟು ಒಂದೇ ಆಗಿತ್ತು. ಯಾವ ಸ್ವರವನ್ನೂ ಉಬ್ಬಿಸದೆ ಕುಗ್ಗಿಸದೆ ಸಮವಾಗಿ ನುಡಿಯುವ, ಎದುರಿಗೂ ಪಕ್ಕಕ್ಕೂ ಒಂದೇ ಬಗೆಯ ನಾದವನ್ನು ಹರಡುವ ಸ್ಪೀಕರನ್ನೇ ಬಹುಮಂದಿ ಮೆಚ್ಚಿದರು. ಮುಂದೆ 1994ರಲ್ಲಿ ಅವರೂ ಸೀನ್ ಆಲಿವ್ ಎಂಬವರೂ ಕೂಡಿ ಪರದೆ ತೆಗೆದು ಅದೇ ಪರೀಕ್ಷೆಯನ್ನು ನಡೆಸಿದಾಗ ಅಂಕಗಳು ಬದಲಾದವು. ಪೆಟ್ಟಿಗೆಯ ಗಾತ್ರವೂ ಹೆಸರೂ ಕಿವಿಯ ತೀರ್ಪನ್ನು ತಿದ್ದಿದ್ದವು.

ಇದರಿಂದ ನಾವು ಕಲಿಯಬೇಕಾದ ಪಾಠ ಎರಡು. ಒಂದು, ಕಣ್ಣು ತೆರೆದು ಕೇಳುವ ಕಿವಿ ಮೋಸಹೋಗುತ್ತದೆ. ಎರಡು, ಸಮವಾದ ನಾದವೆಂಬುದು ಯಂತ್ರದಿಂದ ಅಳೆಯಬಹುದಾದ ಗುಣ, ಅಳೆದದ್ದನ್ನು ಓದಬಹುದು. ಗಿರಣಿಯಲ್ಲಿ ನೂಲನ್ನು ಬರಿಯ ಕೈಯಿಂದ ಸವರಿ ಒಪ್ಪಿಕೊಳ್ಳುವುದಿಲ್ಲ. ಕೌಂಟು ಎಷ್ಟು, ಬಲ ಎಷ್ಟು ಎಂದು ಪರೀಕ್ಷಿಸಿ ಬರೆದ ಚೀಟಿಯನ್ನು ನೋಡುತ್ತಾರೆ. ಸ್ಪೀಕರಿಗೂ ಅಂಥ ಚೀಟಿಯುಂಟು.

ಮೊದಲು ಖೋಲಿಯನ್ನು ಅಳೆಯಿರಿ

ಚೀಟಿಯನ್ನು ಓದುವ ಮುನ್ನ ಟೇಪು ಹಿಡಿದು ಮನೆಯನ್ನು ಅಳೆಯಬೇಕು. ನಾವು ಕೇಳುವುದು ಸ್ಪೀಕರನ್ನು ಮಾತ್ರವಲ್ಲ, ಗೋಡೆಗಳನ್ನೂ ಕೇಳುತ್ತೇವೆ. ಎದುರುಬದುರು ಗೋಡೆಗಳ ನಡುವೆ ಸಿಕ್ಕಿಬಿದ್ದ ಮಂದ್ರದ ಅಲೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಬಲಿಯುತ್ತದೆ. ಎಲ್ಲಿ ಬಲಿಯುತ್ತದೆಂಬುದಕ್ಕೆ ಲೆಕ್ಕವಿದೆ. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ಅದನ್ನು ಖೋಲಿಯ ಅಳತೆಯ ಎರಡರಷ್ಟರಿಂದ ಭಾಗಿಸಿರಿ. ಹತ್ತು ಅಡಿ ಎಂದರೆ ಸುಮಾರು 3.05 ಮೀಟರು; ಉತ್ತರ ಸುಮಾರು 56. ಅಂದರೆ ಸೆಕೆಂಡಿಗೆ 56 ಕಂಪನಗಳ ಸ್ವರ. ಹನ್ನೆರಡು ಅಡಿಗೆ ಸುಮಾರು 47. ಕಂಪನದ ಈ ಎಣಿಕೆಗೆ ಹರ್ಟ್ಸ್ ಎಂದು ಹೆಸರು.

ಹೀಗಾಗಿ ಹತ್ತಕ್ಕೆ ಹನ್ನೆರಡರ ಖೋಲಿಯು 45ರಿಂದ 60 ಹರ್ಟ್ಸ್‌ವರೆಗಿನ ಸ್ವರವನ್ನು ತಾನಾಗಿಯೇ ಉಬ್ಬಿಸುತ್ತದೆ. ಇಂಥಲ್ಲಿ ಆಳೆತ್ತರದ ದೊಡ್ಡ ಸ್ಪೀಕರು ಇಟ್ಟರೆ ಹಾಡು ಹೋಗಿ ಗುಂಯ್‌ಗುಡುವಿಕೆ ಉಳಿಯುತ್ತದೆ. ಪಕ್ಕದ ಮನೆಯವರ ಜಗಳವೂ ಬರುತ್ತದೆ. ಉದ್ದ ಅಗಲ ಎರಡೂ ಹತ್ತೇ ಅಡಿಯಾದ ಚೌಕದ ಖೋಲಿಯಲ್ಲಿ ಎರಡು ಉಬ್ಬೂ ಒಂದೇ ಸ್ವರದ ಮೇಲೆ ಬೀಳುವುದರಿಂದ ಕಷ್ಟ ಇಮ್ಮಡಿ. ಮೂಲೆಗೆ ತಳ್ಳಿದ ಸ್ಪೀಕರು ಇನ್ನಷ್ಟು ಗುಡುಗುತ್ತದೆ. ಗೋಡೆಗೆ ಕೌದಿ ತೂಗುಹಾಕಿದರೆ ಮೇಲಿನ ಸ್ವರಗಳ ಪ್ರತಿಧ್ವನಿ ಇಳಿಯುವುದು ನಿಜ; ಮಂದ್ರದ ಗುಂಯ್‌ಗುಡುವಿಕೆ ಅದರಿಂದ ಇಳಿಯುವುದಿಲ್ಲ.

ಸಣ್ಣ ಖೋಲಿಗೆ ಸಣ್ಣ ಸ್ಪೀಕರು ತಕ್ಕುದೆನ್ನುವುದು ಬಡವರ ಸಮಾಧಾನವಲ್ಲ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು ಹೊರಗಿನ ಪ್ರಸಾರದ ಇಕ್ಕಟ್ಟಾದ ವ್ಯಾನುಗಳಲ್ಲಿ ಕುಳಿತು ನಾದವನ್ನು ಪರೀಕ್ಷಿಸುವುದಕ್ಕಾಗಿಯೇ ಎಲ್.ಎಸ್. 3/5ಎ ಎಂಬ ಸ್ಪೀಕರನ್ನು ರೂಪಿಸಿತು. ಅದರ ಎತ್ತರ ಒಂದೇ ಅಡಿ. ಸುಮಾರು 70 ಹರ್ಟ್ಸ್‌ನ ಕೆಳಗೆ ಅದರ ನಾದ ಬೇಗ ಕುಗ್ಗುತ್ತದೆ. ಆದರೂ ಮನುಷ್ಯಕಂಠವನ್ನು ಸಹಜವಾಗಿ ನುಡಿಯುವುದರಲ್ಲಿ ಇಂದಿಗೂ ಅದನ್ನು ಮಾದರಿಯೆಂದು ಎಣಿಸುವವರಿದ್ದಾರೆ.

ನೀವು ಕೇಳುವುದೇನನ್ನು?

ಬಹಳ ಕೆಳಗಿನ ಸ್ವರಕ್ಕಾಗಿ ಜನ ಬಹಳ ಹಣ ಸುರಿಯುತ್ತಾರೆ. ಆದುದರಿಂದ ನಮ್ಮ ಸಂಗೀತಕ್ಕೆ ಎಷ್ಟು ಆಳ ಬೇಕೆಂದು ನೋಡುವುದು ಅಗತ್ಯ. ಗಂಡಸರ ಹಿಂದುಸ್ತಾನಿ ಗಾಯನದಲ್ಲಿ ಷಡ್ಜವನ್ನು ಸಾಮಾನ್ಯವಾಗಿ ಕರಿ ಒಂದರ ಸುತ್ತಮುತ್ತ ಇಟ್ಟುಕೊಳ್ಳುತ್ತಾರೆ. ಅದು ಸುಮಾರು 138 ಹರ್ಟ್ಸ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಸುಮಾರು 69. ಭೀಮಸೇನ ಜೋಶಿಯವರನ್ನೋ ಮಲ್ಲಿಕಾರ್ಜುನ ಮನ್ಸೂರರನ್ನೋ ಗಂಗೂಬಾಯಿ ಹಾನಗಲ್ಲರನ್ನೋ ತೃಪ್ತಿಯಾಗಿ ಕೇಳಬೇಕೆನ್ನುವವರಿಗೆ 60 ಹರ್ಟ್ಸ್‌ವರೆಗೆ ಪ್ರಾಮಾಣಿಕವಾಗಿ ಇಳಿಯುವ ಸ್ಪೀಕರು ಸಾಕು. ದಾಸರ ಪದ, ಭಾವಗೀತೆ, ನಾಟಕದ ಧ್ವನಿಮುದ್ರಿಕೆ, ಇವಕ್ಕೂ ಅಷ್ಟೇ. ಇಂದಿನ ಚಿತ್ರಗೀತೆಗಳ ಗುಡುಗೇ ಬೇಕೆನ್ನುವವರಿಗೆ ಮಾತ್ರ 40ರ ಹತ್ತಿರ ಇಳಿಯುವುದು ಬೇಕಾಗುತ್ತದೆ.

ಚೀಟಿಯನ್ನು ಓದುವ ಕ್ರಮ

ತಯಾರಕರ ಕಾಗದದಲ್ಲಿ "45ರಿಂದ 20,000 ಹರ್ಟ್ಸ್" ಎಂದಷ್ಟೇ ಬರೆದಿದ್ದರೆ ಅದಕ್ಕೆ ಬೆಲೆಯಿಲ್ಲ. ಅದರ ಮುಂದೆ "ಹೆಚ್ಚು ಕಡಿಮೆ 3 ಡೆಸಿಬೆಲ್" ಎಂಬ ಮಾತಿರಬೇಕು. ಆ ವ್ಯಾಪ್ತಿಯಲ್ಲೆಲ್ಲ ಏರಿಳಿತ ಅಷ್ಟರೊಳಗೇ ಇದೆಯೆಂದು ಅದರ ಅರ್ಥ. ಡೆಸಿಬೆಲ್ ಎಂಬುದು ಗಟ್ಟಿತನದ ಅಳತೆ. 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡರಷ್ಟು ಗಟ್ಟಿಯೆನಿಸುತ್ತದೆ.

ಎರಡನೆಯ ಅಂಕಿ ಸಂವೇದನೆಯದು: ನಿಗದಿಯಾದ ವಿದ್ಯುತ್ತಿಗೆ ಒಂದು ಮೀಟರು ದೂರದಲ್ಲಿ ಎಷ್ಟು ಗಟ್ಟಿ ಎಂಬುದು. 83 ಡೆಸಿಬೆಲ್ಲಿನ ಸ್ಪೀಕರು 89ರದರಷ್ಟು ಗಟ್ಟಿಯಾಗಿ ನುಡಿಯಬೇಕಾದರೆ ಆಂಪ್ಲಿಫೈಯರಿನಿಂದ ನಾಲ್ಕು ಪಟ್ಟು ವಾಟ್ ಬೇಕು. 3 ಡೆಸಿಬೆಲ್ಲಿಗೆ ವಾಟ್ ಇಮ್ಮಡಿಯಾಗುವುದೇ ಅದರ ಸೂತ್ರ. ಆದರೆ ಹತ್ತಡಿಯ ಖೋಲಿಯಲ್ಲಿ ಆರಡಿ ದೂರ ಕೂತು ಕೇಳುವವನಿಗೆ 83 ಸಹ ಧಾರಾಳ. ಮೂರನೆಯದು ಓಮ್. ಮನೆಯ ಆಂಪ್ಲಿಫೈಯರಿಗೆ 8 ಓಮಿನದು ಹಗುರ, 4 ಓಮಿನದು ಭಾರ. 2.83 ವೋಲ್ಟಿನಲ್ಲಿ ಅಳೆದೆವೆಂದು ಬರೆದಾಗ 8 ಓಮಿನದಕ್ಕೆ ಹೋಗುವುದು 1 ವಾಟ್, 4 ಓಮಿನದಕ್ಕೆ 2 ವಾಟ್. ಹೀಗೆ 4 ಓಮಿನ ಸ್ಪೀಕರು ಕಾಗದದ ಮೇಲೆ 3 ಡೆಸಿಬೆಲ್ ಮುಂದೆ ಕಾಣುತ್ತದೆ. ಹೋಲಿಸುವಾಗ ಇದನ್ನು ಕಳೆದು ನೋಡಿರಿ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ: ತಯಾರಕನಿಗೆ ಸಂಬಂಧಿಸದ ಬೇರೆಯವರು ಅಳೆದು ಪ್ರಕಟಿಸಿದ ರೇಖಾಚಿತ್ರ. ಎದುರಿನಿಂದ ಅಳೆದ ಗೆರೆ ಬಹುಮಟ್ಟಿಗೆ ಸಪಾಟಾಗಿರಬೇಕು. ಪಕ್ಕಗಳಿಂದ ಅಳೆದ ಗೆರೆಗಳು ಅದರ ಕೆಳಗೆ ನಯವಾಗಿ ಇಳಿಯುತ್ತ ಹೋಗಬೇಕು, ಗುಡ್ಡ ಹಳ್ಳ ಇರಬಾರದು. 2,000ದಿಂದ 5,000 ಹರ್ಟ್ಸ್ ನಡುವೆ ಗುಡ್ಡವಿದ್ದರೆ ಅಂಥದು ಮೊದಲ ಐದು ನಿಮಿಷ ಚುರುಕಾಗಿ ಕೇಳಿಸಿ, ಒಂದು ತಾಸಿನಲ್ಲಿ ಕಿವಿಯನ್ನು ದಣಿಸುತ್ತದೆ. ಪದಗಳಲ್ಲಿ ಬರೆದ ಹೊಗಳಿಕೆಗಿಂತ ಈ ಗೆರೆಯನ್ನು ನಂಬಿರಿ. ಅಂತರ್ಜಾಲದ ಚಲಚ್ಚಿತ್ರದಲ್ಲಿ ಸ್ಪೀಕರಿನ ನಾದ ಕೇಳಿಸುವವರುಂಟು. ಅಲ್ಲಿ ನೀವು ಕೇಳುವುದು ನಿಮ್ಮ ಫೋನಿನ ನಾದವನ್ನೇ.

ನಮ್ಮ ಕಿವಿಯ ವಿಚಾರ

ಇದನ್ನು ಹೇಳದೆ ಬಿಡುವಂತಿಲ್ಲ. ನಮ್ಮ ವಾಚಕರಲ್ಲಿ ಮಗ್ಗದ ಶೆಡ್ಡುಗಳಲ್ಲಿ ದುಡಿದವರು, ದುಡಿಯುತ್ತಿರುವವರು ಇದ್ದಾರೆ. ದೇಶದ ಕಾರ್ಖಾನೆ ನಿಯಮಗಳು ಎಂಟು ತಾಸಿನ ದುಡಿಮೆಗೆ 90 ಡೆಸಿಬೆಲ್ಲನ್ನು ಮಿತಿಯೆಂದು ಇಟ್ಟಿವೆ. ಯಂತ್ರಮಗ್ಗಗಳ ಸದ್ದು ಅದನ್ನು ಮೀರುವುದುಂಟು. ಇಂಥ ಸದ್ದು ಮೊದಲು ಕೆಡಿಸುವುದು 4,000 ಹರ್ಟ್ಸ್ ಆಸುಪಾಸಿನ ಶ್ರವಣಶಕ್ತಿಯನ್ನು. ಮಾತು ಕೇಳಿಸುತ್ತಿರುತ್ತದೆ; ಆದ್ದರಿಂದ ಕೆಟ್ಟದ್ದು ತಿಳಿಯುವುದಿಲ್ಲ. ಇಂಥ ಕಿವಿಗೆ ಕರ್ಕಶವಾದ ಸ್ಪೀಕರೇ ಸ್ಪಷ್ಟವೆನಿಸಬಹುದು, ಮನೆಯ ಮಕ್ಕಳಿಗೆ ಅದು ತಲೆನೋವಾಗಬಹುದು. ಆದಕಾರಣ ಕೇಳುವ ಅವಕಾಶ ಸಿಕ್ಕಾಗ ಪಾಳಿ ಮುಗಿಸಿ ನೇರವಾಗಿ ಹೋಗಬಾರದು. ಸದ್ದಿನಿಂದ ಹೊರಬಂದ ಕಿವಿ ಕೆಲವು ತಾಸು ಮಂದವಾಗಿಯೇ ಇರುತ್ತದೆ. ರಜೆಯ ದಿನ, ಮನೆಯ ಕಿರಿಯರೊಬ್ಬರನ್ನು ಕರೆದುಕೊಂಡು ಹೋಗಿರಿ. ಗೊತ್ತಿರುವ ಒಂದೇ ಹಾಡನ್ನು ಒಂದೇ ಗಟ್ಟಿತನದಲ್ಲಿ ಎಲ್ಲದರಲ್ಲಿಯೂ ನುಡಿಸಿರೆನ್ನಿ. ಸ್ವಲ್ಪ ಗಟ್ಟಿಯಾದದ್ದು ಯಾವಾಗಲೂ ಒಳ್ಳೆಯದೆಂದೇ ಕೇಳಿಸುತ್ತದೆ. ಜೋಡಿಯಲ್ಲಿ ಒಂದನ್ನು ಮಾತ್ರ ನುಡಿಸಿ ಕೇಳಿದರೆ ದೋಷಗಳು ಬೇಗ ಬಯಲಾಗುತ್ತವೆ.

ಹಿಂದಿರುಗಿಸುವ ಮಾತು ಕಾಗದದ ಮೇಲಿರಲಿ

ನಿಜವಾದ ಪರೀಕ್ಷೆ ನಡೆಯುವುದು ನಿಮ್ಮ ಖೋಲಿಯಲ್ಲಿ, ಕೊಂಡು ತಂದ ಮೇಲೆ. ಆದ್ದರಿಂದ ನೂರಿನ್ನೂರು ಕಡಿಮೆ ಬೆಲೆಗಿಂತ, ಇಷ್ಟು ದಿನದೊಳಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆಂಬ ಮಾತಿಗೇ ಹೆಚ್ಚು ಬೆಲೆ ಕೊಡಿರಿ. ಆ ಮಾತು ಬಿಲ್ಲಿನ ಮೇಲೆಯೋ ಇ-ಮೇಲಿನಲ್ಲಿಯೋ ಬರಹದಲ್ಲಿ ಇರಲಿ. ಸಾಗಣೆಯ ಖರ್ಚು ಯಾರದೆಂಬುದೂ ಸ್ಪಷ್ಟವಾಗಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷವಿರುವ ಮಾಲಿಗೆ ರಕ್ಷಣೆ ಕೊಡುತ್ತದೆ. ನಾದ ಹಿಡಿಸಲಿಲ್ಲವೆಂಬುದು ದೋಷವಾಗಲಾರದು. ಬರೆದ ಷರತ್ತು ಅದಕ್ಕಾಗಿಯೇ ಬೇಕು.

ದೋಷವೇ ಕಂಡರೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಕಾಯಿದೆಯಲ್ಲಿ ಒಂದು ಅನುಕೂಲವಿದೆ. ಅಂಗಡಿ ಯಾವ ಊರಿನಲ್ಲಿದ್ದರೂ, ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ಸಲಹೆ ಕೇಳಬಹುದು. ಬಿಲ್ಲು, ಪೆಟ್ಟಿಗೆ, ಸೀರಿಯಲ್ ನಂಬರು ಇವನ್ನು ಕಾಪಾಡಿರಿ. ಹೊರದೇಶದ ಮಾಲಾದರೆ ಗ್ಯಾರಂಟಿಯು ಭಾರತದಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ ಉತ್ತರ ಪಡೆಯಿರಿ.

ಹಳೆಯ ಸ್ಪೀಕರು ಕೊಳ್ಳುವವರಿಗೆ ಒಂದೇ ಮಾತು: ಕಾಗದದ ಬಟ್ಟಲಿನ ಅಂಚಿನ ಸುತ್ತು ಫೋಮಿನದಾದರೆ ಹತ್ತು ಹದಿನೈದು ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರಿನದು ಹೆಚ್ಚು ಬಾಳುತ್ತದೆ. ದೊಡ್ಡ ಬಟ್ಟಲನ್ನು ಎರಡು ಕಡೆ ಸಮನಾಗಿ ಮೆಲ್ಲಗೆ ಒತ್ತಿದಾಗ ಕರಕರ ಸದ್ದು ಬಂದರೆ ಕೊಳ್ಳಬೇಡಿರಿ. ಮೇಲಿನ ಸಣ್ಣ ಗುಮ್ಮಟವನ್ನು ಮುಟ್ಟಲೇಬಾರದು.

ತಂದ ಮೇಲೆ

ಕೊಳ್ಳುವ ಮುನ್ನವೇ ಅದೇ ಅಳತೆಯ ಎರಡು ರಟ್ಟಿನ ಪೆಟ್ಟಿಗೆಗಳನ್ನು ಇಟ್ಟು ಜಾಗ ಗೊತ್ತುಮಾಡಿರಿ. ಮನೆಯಾಕೆಯ ಒಪ್ಪಿಗೆಯೂ ಆಗಲೇ ದೊರೆಯುತ್ತದೆ. ಎರಡು ಸ್ಪೀಕರುಗಳ ನಡುವಣ ದೂರವೂ ನಿಮಗಿರುವ ದೂರವೂ ಸಮನಾಗಿರಲಿ. ಗೋಡೆಯಿಂದ ಒಂದಡಿಯಾದರೂ ಮುಂದಿರಲಿ. ಸಣ್ಣ ಗುಮ್ಮಟವು ಕೂತವರ ಕಿವಿಯ ಮಟ್ಟಕ್ಕೆ ಬರಬೇಕು. ಚಾಪೆಯ ಮೇಲೆ ಕೂತು ಕೇಳುವ ಮನೆಯಲ್ಲಿ ಅದು ನೆಲದಿಂದ ಸುಮಾರು ಎರಡೂವರೆ ಅಡಿ. ಕುರ್ಚಿಯವರಿಗಾಗಿ ಮಾಡಿದ ಎತ್ತರದ ಸ್ಟ್ಯಾಂಡು ನಮಗೆ ಬೇಕಾಗುವುದಿಲ್ಲ.

ಕಡೆಯದಾಗಿ ಒಂದು ವಿಜ್ಞಾಪನೆ. ಅಂಗಡಿಯವರು ಕೇಳಿಸದಿದ್ದರೆ ನಾವು ಒಬ್ಬರಿಗೊಬ್ಬರು ಕೇಳಿಸಬಹುದು. ವಾಚನಾಲಯದ ಮೇಜಿನ ಮೇಲೆ ಒಂದು ವಹಿಯನ್ನು ಇಟ್ಟಿದ್ದೇವೆ. ಮನೆಯಲ್ಲಿ ಒಳ್ಳೆಯ ಸ್ಪೀಕರು ಇರುವ ಬಂಧುಗಳು ಅದರ ಹೆಸರು, ಖೋಲಿಯ ಅಳತೆ, ಯಾವ ಹೊತ್ತಿಗೆ ಬಂದರೆ ಅನುಕೂಲ ಎಂಬಿಷ್ಟನ್ನು ಬರೆದಿಟ್ಟರೆ, ಕೊಳ್ಳಬೇಕೆನ್ನುವವರು ಬಂದು ಅರ್ಧ ತಾಸು ಕೇಳಿ ಹೋಗುತ್ತಾರೆ. ನಮ್ಮಂಥದೇ ಖೋಲಿ, ನಮ್ಮಂಥದೇ ಗೋಡೆ, ಮಾರುವ ಆತುರವಿಲ್ಲದ ಮನೆಯವರು: ಇದಕ್ಕಿಂತ ಒಳ್ಳೆಯ ಮಳಿಗೆ ನಮಗೆ ಈ ನಗರದಲ್ಲಿ ಸಿಗಲಾರದು. ಕೇಳಲು ಹೋದವರು ಚಹದ ಹೊತ್ತನ್ನು ತಪ್ಪಿಸಿ ಹೋಗಬೇಕೆಂದು ಮಾತ್ರ ನಮ್ಮ ಕೋರಿಕೆ.