ಇಳಿಜಾರಿಗೊಂದು ಕಡಿವಾಣ

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ಸೈಕಲ್ ತುಳಿಯುತ್ತ ಶಾಲೆಗೆ ಸಾಗುವ ಬಾಲಕ ಬಾಲಕಿಯರು ಕಾಣಸಿಗುತ್ತಾರೆ. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಹಳ್ಳಿಗಳಲ್ಲಿ ಈ ವಾಹನವು ಮನೆಯ ಸಾಮಾನಿನಂತಾಯಿತು. ಸೈಕಲ್ಲನ್ನು ಓಡಿಸುವುದು ಹೇಗೆಂದು ನಾವೆಲ್ಲರೂ ಆಸೆಯಿಂದ ಕಲಿಯುತ್ತೇವೆ. ಅದನ್ನು ನಿಲ್ಲಿಸುವುದು ಹೇಗೆಂದು ಯೋಚಿಸುವವರು ಮಾತ್ರ ಕಡಿಮೆ.

ಚಾಮರಾಜನಗರದ ಸೀಮೆಯಲ್ಲಿ ಈ ಯೋಚನೆ ಅಗತ್ಯವಾದದ್ದು. ಇದು ಪ್ರಸ್ಥಭೂಮಿಯ ಅಂಚು. ಚಾಮರಾಜನಗರದಿಂದ ಹಾಸನೂರಿನ ಮೇಲೆ ಸತ್ಯಮಂಗಲಕ್ಕೆ ಹೋಗುವ ರಸ್ತೆಯು ದಿಂಬಂ ಘಾಟಿಯಲ್ಲಿ 27 ಕಡಿದಾದ ತಿರುವುಗಳನ್ನು ದಾಟಿ ಬಯಲಿಗೆ ಇಳಿಯುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ಮಸಿನಗುಡಿಯ ಮೂಲಕ ಉದಕಮಂಡಲಕ್ಕೆ ಏರುವ ಕಲ್ಲಟ್ಟಿ ಘಾಟಿಯಲ್ಲಿ ಇಂಥ ತಿರುವುಗಳು 36. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾತ್ರೆಯಲ್ಲಿ ಕಲ್ಲಟ್ಟಿಯನ್ನು ಏರುವುದೇ ಸವಾರರ ದೊಡ್ಡ ಪರೀಕ್ಷೆ. ಏರುವುದಕ್ಕೆ ಕಾಲಿನ ಬಲ ಬೇಕು. ಇಳಿಯುವುದಕ್ಕೆ ಬ್ರೇಕಿನ ಬಲ ಬೇಕು. ಏರುವಾಗ ದಣಿದವನು ಇಳಿದು ನಿಲ್ಲಬಹುದು. ಇಳಿಯುವಾಗ ಬ್ರೇಕು ದಣಿದರೆ ನಿಲ್ಲುವ ದಾರಿಯೇ ಇರುವುದಿಲ್ಲ.

ಬ್ರೇಕು ದಣಿಯುವುದೆಂದರೇನು? ಚಲಿಸುವ ವಸ್ತುವಿಗೆ ಚಲನಶಕ್ತಿ ಇರುತ್ತದೆಂದೂ, ಶಕ್ತಿಯನ್ನು ನಾಶಮಾಡಲಾಗದೆಂದೂ ನೀವು ಓದಿದ್ದೀರಿ. ಹಾಗಾದರೆ ನಿಂತ ಸೈಕಲ್ಲಿನ ಶಕ್ತಿ ಎಲ್ಲಿ ಹೋಯಿತು? ಘರ್ಷಣೆಯಿಂದ ಅದು ಶಾಖವಾಗಿ ಮಾರ್ಪಟ್ಟಿತು. ಸವಾರನೂ ಸೈಕಲ್ಲೂ ಸೇರಿ 80 ಕಿಲೋಗ್ರಾಂ ತೂಗುತ್ತಾರೆಂದೂ, 300 ಮೀಟರ್ ಎತ್ತರದಿಂದ ಕೆಳಗಿಳಿದರೆಂದೂ ಭಾವಿಸೋಣ. ಅವರು ಕಳೆದುಕೊಳ್ಳುವ ಶಕ್ತಿ 80 × 9.8 × 300, ಅಂದರೆ ಸುಮಾರು 2,35,000 ಜೌಲ್. ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಸ್ವಲ್ಪ ಭಾಗವನ್ನು ಗಾಳಿಯ ತಡೆ ನುಂಗಿಕೊಳ್ಳುತ್ತದೆ. ಉಳಿದುದನ್ನೆಲ್ಲ ಅಂಗೈಯಗಲದ ಬ್ರೇಕು ಹೊರಬೇಕು. ಲಾರಿಯ ಚಾಲಕನು ಘಾಟಿಯಲ್ಲಿ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ತಡೆಯನ್ನು ಬಳಸಿಕೊಳ್ಳುತ್ತಾನೆ. ಸೈಕಲ್ ಸವಾರನಿಗೆ ಆ ಅನುಕೂಲವಿಲ್ಲ.

ಹಿಂದೆ ಎತ್ತಿನ ಗಾಡಿಯವರು ಇಳಿಜಾರು ಬಂದಾಗ ಮರದ ತುಂಡೊಂದನ್ನು ಚಕ್ರದ ಕಬ್ಬಿಣದ ಪಟ್ಟೆಗೆ ಒತ್ತಿ ಹಿಡಿಯುತ್ತಿದ್ದರು. ನಮ್ಮ ಸಾಮಾನ್ಯ ಸೈಕಲ್ಲಿನ ಬ್ರೇಕಿನ ತತ್ತ್ವವೂ ಅದೇ. ಹಿಡಿಯನ್ನು ಅದುಮಿದಾಗ ಕಂಬಿಯೋ ತಂತಿಯೋ ರಬ್ಬರಿನ ತುಂಡುಗಳನ್ನು ಚಕ್ರದ ರಿಮ್ಮಿಗೆ ಒತ್ತುತ್ತದೆ. ಸಮತಟ್ಟಾದ ಒಣ ರಸ್ತೆಯಲ್ಲಿ ಇದು ಸಾಕು. ಆದರೆ ಮಳೆಯಲ್ಲಿ ರಿಮ್ಮು ಒದ್ದೆಯಾದರೆ ರಬ್ಬರು ಜಾರುತ್ತದೆ. ಕೆಸರು ಮೆತ್ತಿದರೆ ರಿಮ್ಮು ಸವೆಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ರಿಮ್ಮು ಕಾದು ಒಳಗಿನ ಟ್ಯೂಬಿಗೂ ಅಪಾಯವಾಗಬಹುದು.

ಈ ಕಷ್ಟವನ್ನು ಪ್ರಸಿದ್ಧಗೊಳಿಸಿದ ಒಂದು ಪ್ರಸಂಗವಿದೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನೇರಿ ಬೆಟ್ಟದ ಮಣ್ಣುದಾರಿಯಲ್ಲಿ ಇಳಿಯುವ ಪಂದ್ಯವನ್ನು ಆರಂಭಿಸಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥ ಬ್ರೇಕುಗಳು ಆ ಸೈಕಲ್ಲುಗಳ ಹಿಂದಿನ ಚಕ್ರದ ನಡುವೆ ಅಡಗಿದ್ದುವು. ಒಮ್ಮೆ ಬೆಟ್ಟ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಓಡಿಸಬೇಕಾದರೆ ಮತ್ತೆ ಗ್ರೀಸು ತುಂಬಬೇಕು. ‘ಮತ್ತೆ ತುಂಬು’ ಎಂಬರ್ಥದ ‘ರೀಪ್ಯಾಕ್’ ಎಂಬ ಹೆಸರೇ ಆ ಪಂದ್ಯಕ್ಕೆ ನಿಂತಿತು. ಇಂದಿನ ಬೆಟ್ಟದ ಸೈಕಲ್ಲು, ಅಂದರೆ ಮೌಂಟನ್ ಬೈಕು, ಬೆಳೆದು ಬಂದದ್ದು ಅಂಥ ಸಾಹಸಗಳಿಂದ. ಆದುದರಿಂದ ಬ್ರೇಕಿನ ಚಿಂತೆ ಅದಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿತು.

ಇದಕ್ಕೆ ಪರಿಹಾರ ದೊರೆತದ್ದು ಮೋಟಾರು ವಾಹನಗಳ ಲೋಕದಿಂದ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ತಟ್ಟೆಯ ಬ್ರೇಕಿಗೆ ಹಕ್ಕುಪತ್ರ ಪಡೆದಿದ್ದನು. ಇದರಲ್ಲಿ ಚಕ್ರದ ನಡುಭಾಗಕ್ಕೆ ಒಂದು ಉಕ್ಕಿನ ತಟ್ಟೆಯನ್ನು ಬಿಗಿದಿರುತ್ತಾರೆ. ಇದೇ ಡಿಸ್ಕು. ಅದರ ಎರಡು ಕಡೆಗಳಲ್ಲಿಯೂ ಇರುವ ಪ್ಯಾಡುಗಳು ಅದನ್ನು ಇಕ್ಕಳದಂತೆ ಹಿಡಿಯುತ್ತವೆ. ತಟ್ಟೆಯು ನೆಲದಿಂದ ಮೇಲಿರುವುದರಿಂದ ಕೆಸರು ತಾಗುವುದು ಕಡಿಮೆ. ಅದು ಗಾಳಿಗೆ ಒಡ್ಡಿಕೊಂಡಿರುವುದರಿಂದ ಬೇಗ ತಣಿಯುತ್ತದೆ. ಕಾದರೂ ಟ್ಯೂಬಿಗೆ ಬಿಸಿ ತಗಲುವುದಿಲ್ಲ.

ಕೈಯ ಒತ್ತಡವನ್ನು ಪ್ಯಾಡಿಗೆ ಮುಟ್ಟಿಸಲು ತಂತಿಗೆ ಬದಲಾಗಿ ದ್ರವವನ್ನು ಬಳಸಿದರೆ ಅದು ಹೈಡ್ರಾಲಿಕ್ ಡಿಸ್ಕ್ ಬ್ರೇಕು. ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪಾಸ್ಕಲ್ (1623–1662) ಕಂಡುಕೊಂಡ ನಿಯಮವೇ ಇದರ ಜೀವಾಳ: ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒತ್ತಡ ಹಾಕಿದರೆ ಆ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಹಿಡಿಯ ಬಳಿಯಿರುವ ಪಿಸ್ಟನ್ನಿನ ವ್ಯಾಸ 10 ಮಿಲಿಮೀಟರ್, ಚಕ್ರದ ಬಳಿಯ ಎರಡು ಪಿಸ್ಟನ್ನುಗಳ ವ್ಯಾಸ ತಲಾ 20 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ವ್ಯಾಸ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಆದುದರಿಂದ ಪ್ರತಿಯೊಂದು ದೊಡ್ಡ ಪಿಸ್ಟನ್ನಿನ ಮೇಲೂ ನಾಲ್ಕರಷ್ಟು ಬಲ ಬೀಳುತ್ತದೆ. ಆದರೆ ಪ್ರಕೃತಿಯು ಏನನ್ನೂ ಬಿಟ್ಟಿಯಾಗಿ ಕೊಡುವುದಿಲ್ಲ. ಚಿಕ್ಕ ಪಿಸ್ಟನ್ನು 8 ಮಿಲಿಮೀಟರ್ ಸರಿದರೆ ದೊಡ್ಡವು ಒಂದೊಂದು ಮಿಲಿಮೀಟರ್ ಮಾತ್ರ ಸರಿಯುತ್ತವೆ. ಈ ಕಾರಣದಿಂದಲೇ ಪ್ಯಾಡಿಗೂ ತಟ್ಟೆಗೂ ನಡುವಿನ ಅಂತರ ಬಹು ಕಡಿಮೆ. ತಟ್ಟೆ ಸ್ವಲ್ಪ ಬಾಗಿದರೂ ಉಜ್ಜುವ ಸದ್ದು ಕೇಳಿಸುತ್ತದೆ.

ಮೊದಲು ಬೆಲೆಬಾಳುವ ಸೈಕಲ್ಲುಗಳಿಗೆ ಮಾತ್ರ ಮೀಸಲಾಗಿದ್ದ ಈ ಬ್ರೇಕು ಈಗ ಸಾಧಾರಣ ಬೆಲೆಗೂ ದೊರೆಯುತ್ತದೆ. ಅಗ್ಗದ ಬ್ರೇಕಿಗೂ ಪಾಸ್ಕಲನ ನಿಯಮ ಒಂದೇ. ಹೆಚ್ಚು ಹಣ ಕೊಟ್ಟರೆ ತೂಕ ತಗ್ಗಬಹುದು, ಶಾಖವನ್ನು ತಾಳುವ ಗುಣ ಹೆಚ್ಚಬಹುದು, ಹಿಡಿಯನ್ನು ಬೆರಳಿಗೆ ಹೊಂದಿಸಿಕೊಳ್ಳುವ ಸೌಕರ್ಯ ಸಿಗಬಹುದು. ಗುಂಡ್ಲುಪೇಟೆಯ ತರುಣನೊಬ್ಬನು ತನ್ನ ಬೆಟ್ಟದ ಸೈಕಲ್ಲಿಗೆ ಇಂಥ ಕಡಿಮೆ ಬೆಲೆಯ ಬ್ರೇಕನ್ನು ಹಾಕಿಸಲು ಹೊರಟನೆಂದು ಊಹಿಸೋಣ. ಅವನು ಮೊದಲು ನೋಡಬೇಕಾದದ್ದು ಅಂಗಡಿಯ ಬೆಲೆಪಟ್ಟಿಯನ್ನಲ್ಲ, ತನ್ನ ಸೈಕಲ್ಲನ್ನು. ಚೌಕಟ್ಟಿನಲ್ಲಿಯೂ ಮುಂದಿನ ಫೋರ್ಕಿನಲ್ಲಿಯೂ ಬ್ರೇಕನ್ನು ಬಿಗಿಯುವ ತಾಣಗಳು ಇರಬೇಕು. ಚಕ್ರದ ನಡುಭಾಗಕ್ಕೆ ತಟ್ಟೆಯನ್ನು ಕೂರಿಸುವ ಏರ್ಪಾಡು ಇರಬೇಕು. ಇವು ಇಲ್ಲದಿದ್ದರೆ ಚಕ್ರ, ಫೋರ್ಕು ಎಲ್ಲವನ್ನೂ ಬದಲಿಸಬೇಕಾಗಿ, ಅಗ್ಗವೆಂದು ತಂದದ್ದು ದುಬಾರಿಯಾದೀತು.

ಎಲ್ಲವೂ ಹೊಂದಿಕೊಂಡಿತೆನ್ನಿ. ಮೊದಲ ದಿನ ಅವನಿಗೆ ನಿರಾಸೆಯಾಗುತ್ತದೆ. ಹೊಸ ಪ್ಯಾಡು ತಟ್ಟೆಯನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಸಮತಟ್ಟಾದ, ಜನಸಂಚಾರವಿಲ್ಲದ ಸ್ಥಳದಲ್ಲಿ ಸಾಧಾರಣ ವೇಗದಿಂದ ಇಪ್ಪತ್ತು ಸಲವಾದರೂ ಮೆಲ್ಲಗೆ ವೇಗ ತಗ್ಗಿಸಿ ಪಳಗಿಸಿದ ಮೇಲೆಯೇ ಅದಕ್ಕೆ ಪೂರ್ಣ ಹಿಡಿತ ಬರುತ್ತದೆ. ಆಮೇಲೆ ಕಾಯುವುದು ಇನ್ನೊಂದು ಅಪಾಯ. ಹಳೆಯ ಅಭ್ಯಾಸದಂತೆ ಮುಷ್ಟಿ ಬಿಗಿದು ಹಿಡಿದರೆ ಹಿಂದಿನ ಚಕ್ರ ತಟಕ್ಕನೆ ನಿಂತು ಸೈಕಲ್ಲು ಜಾರುತ್ತದೆ. ಮುಂದಿನ ಬ್ರೇಕನ್ನು ಹಾಗೆ ಹಿಡಿದರೆ ಸವಾರನೇ ಮುಂದಕ್ಕೆ ಮಗುಚಿ ಬೀಳಬಹುದು. ಈ ಬ್ರೇಕಿಗೆ ಒಂದು ಬೆರಳು, ಹೆಚ್ಚೆಂದರೆ ಎರಡು ಬೆರಳು ಸಾಕು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಬ್ರೇಕು ಎಷ್ಟೇ ಬಲವಾಗಿದ್ದರೂ ಸೈಕಲ್ಲನ್ನು ಕೊನೆಗೆ ನಿಲ್ಲಿಸುವುದು ಟೈರಿಗೂ ನೆಲಕ್ಕೂ ಇರುವ ಹಿಡಿತ. ಒಣ ರಸ್ತೆಯಲ್ಲಿ ಪ್ರತಿ ಸೆಕೆಂಡಿಗೆ 5 ಮೀಟರಿನಂತೆ ವೇಗವನ್ನು ಇಳಿಸಬಲ್ಲೆವೆಂದರೆ, ಗಂಟೆಗೆ 18 ಕಿಲೋಮೀಟರ್ ವೇಗದ ಸೈಕಲ್ಲು ಎರಡೂವರೆ ಮೀಟರಿನಲ್ಲಿ ನಿಲ್ಲುತ್ತದೆ. ವೇಗ 36 ಕಿಲೋಮೀಟರಾದರೆ 10 ಮೀಟರ್ ಬೇಕು. ವೇಗ ಇಮ್ಮಡಿಯಾದರೆ ದೂರ ನಾಲ್ಮಡಿ! ಅಪಾಯವನ್ನು ಕಂಡು ಬೆರಳು ಹಿಡಿಯನ್ನು ಅದುಮುವ ತನಕ ಕಳೆಯುವ ಕ್ಷಣದ ದೂರ ಇದಕ್ಕೆ ಹೊರತು. ಹೊಸ ಬ್ರೇಕು ಈ ಲೆಕ್ಕವನ್ನು ಅಳಿಸಲಾರದು. ಅದು ಕೊಡುವುದು ಕಡಿಮೆ ಶ್ರಮ, ಮಳೆಯಲ್ಲಿಯೂ ನೆಚ್ಚಬಹುದಾದ ಹಿಡಿತ ಮತ್ತು ಬೇಕಾದಷ್ಟೇ ಹಿಡಿಯುವ ಹತೋಟಿ.

ಘಾಟಿಯನ್ನು ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರಬಾರದು. ತಿರುವಿಗೆ ಮುನ್ನವೇ ಎರಡೂ ಬ್ರೇಕುಗಳನ್ನು ಹದವಾಗಿ ಹಿಡಿದು ವೇಗ ತಗ್ಗಿಸಬೇಕು. ಅಪಾಯವಿಲ್ಲದ ನೇರ ದಾರಿಯಲ್ಲಿ ಬಿಟ್ಟು ತಟ್ಟೆ ತಣಿಯಲು ಅವಕಾಶ ಕೊಡಬೇಕು. ಶಾಖ ಮಿತಿಮೀರಿ ದ್ರವ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವು ಸುಲಭವಾಗಿ ಕುಗ್ಗದು, ಗುಳ್ಳೆ ಕುಗ್ಗುತ್ತದೆ. ಆಗ ಹಿಡಿಯನ್ನು ಎಷ್ಟು ಅದುಮಿದರೂ ಬಲ ಪ್ಯಾಡಿಗೆ ತಲಪುವುದಿಲ್ಲ. ಕೊಳವೆಗೆ ಗಾಳಿ ಸೇರಿದರೂ ಇದೇ ಗತಿ. ಹಿಡಿಯು ಮೆತ್ತಗಾಗಿ ಒಳಕ್ಕೆ ಹೋಗತೊಡಗಿದರೆ ಅದು ಎಚ್ಚರಿಕೆಯ ಗಂಟೆ. ಕೂಡಲೇ ನಿಂತು, ಸೈಕಲ್ಲನ್ನು ತಳ್ಳಿಕೊಂಡು ಹೋಗುವುದೇ ವಿವೇಕ.

ಕೆಲವು ಬ್ರೇಕುಗಳಿಗೆ ಖನಿಜ ತೈಲ, ಕೆಲವಕ್ಕೆ ಬೇರೆ ಬಗೆಯ ದ್ರವ. ಒಂದಕ್ಕೆ ಮತ್ತೊಂದನ್ನು ತುಂಬಿದರೆ ಒಳಗಿನ ರಬ್ಬರು ಕೆಡುತ್ತದೆ. ತಟ್ಟೆಗೂ ಪ್ಯಾಡಿಗೂ ಎಣ್ಣೆ ತಗಲಬಾರದು. ಚಕ್ರವನ್ನು ಕಳಚಿದಾಗ ಹಿಡಿಯನ್ನು ಅದುಮಬಾರದು. ಇಳಿದ ಕೂಡಲೇ ತಟ್ಟೆಯನ್ನು ಮುಟ್ಟಿದರೆ ಬೆರಳು ಸುಟ್ಟೀತು.

ಆ ಸುಡುವ ತಟ್ಟೆಯಲ್ಲಿಯೇ ಈ ಪಾಠದ ಸಾರವಿದೆ. ಬೆಟ್ಟವನ್ನೇರುವಾಗ ನಾವು ಬೆವರು ಸುರಿಸಿ ಗಳಿಸಿದ ಶಕ್ತಿಯೇ ಇಳಿಯುವಾಗ ಅಲ್ಲಿ ಶಾಖವಾಗಿ ಹೊರಬೀಳುತ್ತದೆ. ಅದನ್ನು ತಿಳಿದವನು ನಾಳೆ ಶಾಲೆಗೆ ಹೊರಡುವ ಮುನ್ನ, ತನ್ನ ಸೈಕಲ್ಲಿನದು ಸವೆದ ರಬ್ಬರಿನ ಹಳೆಯ ಬ್ರೇಕೇ ಆಗಿದ್ದರೂ, ಎರಡೂ ಹಿಡಿಗಳನ್ನು ಒಮ್ಮೆ ಅದುಮಿ ನೋಡುತ್ತಾನೆ.