ಅಂಕ ಸಮವಾದರೆ ಮೇಲಿನ ಸ್ಥಾನ ಯಾರಿಗೆ?

2024ರ ಮೇ 18ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಲೀಗ್ ಪಂದ್ಯದಲ್ಲಿ ಚೆನ್ನೈ ತಂಡ ಕೊನೆಯ ಓವರ್ ಆಡುತ್ತಿತ್ತು. ಬೆಂಗಳೂರು ತಂಡ ಹೊಡೆದದ್ದು 218, ಹಾಗಾಗಿ ಗೆಲ್ಲಲು ಬೇಕಿದ್ದುದು 219. ಆದರೆ ಅಂದು ಎಲ್ಲರ ತಲೆಯಲ್ಲಿದ್ದ ಸಂಖ್ಯೆ 201. ಅಷ್ಟು ಮುಟ್ಟಿದರೆ ಚೆನ್ನೈ ಸೋತರೂ ಪ್ಲೇಆಫ್‌ಗೆ ಹೋಗುತ್ತಿತ್ತು, ಮುಟ್ಟದಿದ್ದರೆ ಬೆಂಗಳೂರು. ಆರು ಎಸೆತಕ್ಕೆ 17 ರನ್ ಬೇಕು. ಯಶ್ ದಯಾಳ್ ಹಾಕಿದ ಮೊದಲ ಎಸೆತವನ್ನು ಧೋನಿ ಸಿಕ್ಸರ್‌ಗೆ ಅಟ್ಟಿದರು, ಮರು ಎಸೆತಕ್ಕೇ ಔಟಾದರು. ಚೆನ್ನೈ 191ಕ್ಕೆ ನಿಂತಿತು.

ಲೀಗ್ ಮುಗಿದಾಗ ಬೆಂಗಳೂರು, ಚೆನ್ನೈ, ಡೆಲ್ಲಿ, ಲಖನೌ ಈ ನಾಲ್ಕೂ ತಂಡಗಳಿಗೆ ತಲಾ 14 ಅಂಕ, ತಲಾ ಏಳು ಗೆಲುವು. ಬೆಂಗಳೂರು, ಚೆನ್ನೈ ಪರಸ್ಪರ ಆಡಿದ ಎರಡು ಪಂದ್ಯಗಳಲ್ಲಿ ಒಂದೊಂದು ಗೆದ್ದಿದ್ದವು. ಕೊನೆಗೆ ಅವೆರಡನ್ನು ಬೇರೆ ಮಾಡಿದ್ದು ನೆಟ್ ರನ್ ರೇಟ್: ಬೆಂಗಳೂರಿಗೆ +0.459, ಚೆನ್ನೈಗೆ +0.392.

ಹೀಗೆ ಸಮಬಲವನ್ನು ಮುರಿಯುವ ನಿಯಮವೇ ಟೈಬ್ರೇಕರ್. ಲೆಕ್ಕದ ದೃಷ್ಟಿಯಿಂದ ಇದು ನಿಘಂಟಿನಲ್ಲಿ ಪದ ಜೋಡಿಸುವ ಕ್ರಮವೇ. ಮೊದಲ ಅಕ್ಷರ ಬೇರೆಯಾಗಿದ್ದರೆ ಮುಂದಿನದನ್ನು ನೋಡುವ ಪ್ರಮೇಯವಿಲ್ಲ, ಒಂದೇ ಆಗಿದ್ದರೆ ಎರಡನೆಯದು, ಅದೂ ಒಂದೇ ಆದರೆ ಮೂರನೆಯದು. ಕೇಳಲು ಸಲೀಸು. ಆದರೆ ಎರಡನೆಯ ಸ್ಥಾನದಲ್ಲಿ ಏನನ್ನು ಇಡಬೇಕು ಎಂದು ಕೇಳಿದ ಕೂಡಲೇ ಜಗಳ ಶುರು, ಏಕೆಂದರೆ ಒಂದೊಂದು ಅಳತೆಗೂ 'ಉತ್ತಮ ತಂಡ' ಎಂದರೆ ಬೇರೆಯದೇ.

ನೆಟ್ ರನ್ ರೇಟನ್ನೇ ನೋಡಿ. ಟೂರ್ನಿಯಲ್ಲಿ ತಂಡ ಹೊಡೆದ ಒಟ್ಟು ರನ್ನನ್ನು ಆಡಿದ ಒಟ್ಟು ಓವರಿನಿಂದ ಭಾಗಿಸಿ, ಬಿಟ್ಟುಕೊಟ್ಟ ಒಟ್ಟು ರನ್ನನ್ನು ಎಸೆದ ಒಟ್ಟು ಓವರಿನಿಂದ ಭಾಗಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಆಲೌಟ್ ಆದರೆ ಪೂರ್ತಿ ಓವರ್ ಆಡಿದಂತೆಯೇ ಲೆಕ್ಕ. 2019ರ ವಿಶ್ವಕಪ್‌ನ ತನ್ನ ಮೊದಲ ಪಂದ್ಯದಲ್ಲಿ ಪಾಕಿಸ್ತಾನ ವೆಸ್ಟ್ ಇಂಡೀಸ್ ಎದುರು 21.4 ಓವರಿನಲ್ಲಿ 105ಕ್ಕೆ ಆಲೌಟ್. ಲೆಕ್ಕಕ್ಕೆ ಹಿಡಿಯುವುದು 50 ಓವರ್, ಅಂದರೆ ಓವರಿಗೆ 2.10. ವಿಂಡೀಸ್ 13.4 ಓವರಿನಲ್ಲಿ 108 ಹೊಡೆದು ಗೆದ್ದಿತು. ಇಲ್ಲಿ ಬಹಳ ಜನ ಎಡವುತ್ತಾರೆ: 13.4 ಎಂಬುದು ದಶಮಾಂಶವಲ್ಲ, 13 ಓವರ್ ಮತ್ತು ನಾಲ್ಕು ಎಸೆತ, ಅಂದರೆ 13.667. ಭಾಗಿಸಿದರೆ 7.90. ಒಂದೇ ಪಂದ್ಯದಲ್ಲಿ −5.80ರ ಹೊಂಡ! ಮುಂದೆ ಪಾಕಿಸ್ತಾನ ನ್ಯೂಜಿಲೆಂಡನ್ನು ಸೋಲಿಸಿತು, ಇಬ್ಬರಿಗೂ 11 ಅಂಕ, ಐದೈದು ಗೆಲುವು. ಆದರೂ ಸೆಮಿಫೈನಲ್‌ಗೆ ಹೋದದ್ದು ನ್ಯೂಜಿಲೆಂಡ್. ಒಂದು ಕೆಟ್ಟ ಮಧ್ಯಾಹ್ನಕ್ಕೆ ಇಷ್ಟು ತೂಕ ಕೊಡುವುದು ನನಗಂತೂ ಅತಿಯೆನಿಸುತ್ತದೆ.

ಫುಟ್‌ಬಾಲ್‌ನಲ್ಲಿ ಇದಕ್ಕಿಂತ ಸಣ್ಣ ಕೂದಲೆಳೆಯೂ ಕಪ್ ಕಸಿದಿದೆ. 1923-24ರ ಇಂಗ್ಲಿಷ್ ಲೀಗ್‌ನಲ್ಲಿ ಹಡರ್ಸ್‌ಫೀಲ್ಡ್, ಕಾರ್ಡಿಫ್ ಎರಡಕ್ಕೂ 57 ಅಂಕ. ಆಗಿನ ನಿಯಮ ಗೋಲುಗಳ ಭಾಗಲಬ್ಧ. ಹಡರ್ಸ್‌ಫೀಲ್ಡ್ 60 ಹೊಡೆದು 33 ಬಿಟ್ಟಿತ್ತು: 1.818. ಕಾರ್ಡಿಫ್ 61 ಹೊಡೆದು 34 ಬಿಟ್ಟಿತ್ತು: 1.794. ಪಟ್ಟ ಹಡರ್ಸ್‌ಫೀಲ್ಡ್‌ಗೆ. ಭಾಗಿಸುವ ಬದಲು ಕಳೆದಿದ್ದರೆ ಇಬ್ಬರಿಗೂ 27 ಬರುತ್ತಿತ್ತು, ಹೆಚ್ಚು ಗೋಲು ಹೊಡೆದ ಕಾರ್ಡಿಫ್ ಗೆಲ್ಲುತ್ತಿತ್ತು. ಕೊನೆಯ ಪಂದ್ಯದಲ್ಲಿ ಅದೇ ಕಾರ್ಡಿಫ್ ಪೆನಾಲ್ಟಿಯೊಂದನ್ನು ವ್ಯರ್ಥ ಮಾಡಿತ್ತು ಎಂಬುದು ಬೇರೆ ಮಾತು. ಭಾಗಾಕಾರ ಗೋಲು ಬಿಡದವರನ್ನು ಮೆಚ್ಚುತ್ತದೆ, ವ್ಯವಕಲನ ಗೋಲು ಹೊಡೆಯುವವರನ್ನು. 1970ರ ದಶಕದಲ್ಲಿ ಇಂಗ್ಲೆಂಡ್ ವ್ಯವಕಲನಕ್ಕೆ ಬಂತು.

ಹಾಗಾದರೆ ಪರಸ್ಪರ ಆಡಿದ ಪಂದ್ಯದಲ್ಲಿ ಗೆದ್ದವರೇ ಮೇಲೆ ಎನ್ನಬಾರದೇಕೆ? ಇಬ್ಬರಿದ್ದರೆ ಸರಿ. ಮೂವರಿದ್ದರೆ ಒಂದನೆಯವರು ಎರಡನೆಯವರನ್ನು, ಎರಡನೆಯವರು ಮೂರನೆಯವರನ್ನು, ಮೂರನೆಯವರು ಒಂದನೆಯವರನ್ನು ಸೋಲಿಸಿ ಸುತ್ತು ಬೀಳಬಹುದು, ಇಲ್ಲವೇ ಯಾರೂ ಯಾರನ್ನೂ ಸೋಲಿಸದೆ ಇರಬಹುದು. 2004ರ ಯೂರೋ ಕಪ್‌ನಲ್ಲಿ ಇಟಲಿ, ಡೆನ್ಮಾರ್ಕ್, ಸ್ವೀಡನ್ ಮೂವರಿಗೂ ಐದೈದು ಅಂಕ. ಅವರೊಳಗಿನ ಪಂದ್ಯಗಳೆಲ್ಲ ಡ್ರಾ. ಆಗ ಎಣಿಸಿದ್ದು ಆ ಪಂದ್ಯಗಳಲ್ಲಿ ಬಂದ ಗೋಲು. ಡೆನ್ಮಾರ್ಕ್–ಸ್ವೀಡನ್ ಪಂದ್ಯ 2–2 ಆದರೆ ಇಟಲಿ ಏನು ಮಾಡಿದರೂ ಮನೆಗೆ ಎಂದು ಮೊದಲೇ ಗೊತ್ತಿತ್ತು. ಪಂದ್ಯ 2–2 ಆಯಿತು.

ನಿಯಮ ಆಟವನ್ನು ಅಳೆಯುವುದಷ್ಟೇ ಅಲ್ಲ, ತಿರುಗಿಸುತ್ತದೆ ಕೂಡ. 1999ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ತಾನು ಸೋತಿದ್ದ ನ್ಯೂಜಿಲೆಂಡ್‌ಗಿಂತ ವಿಂಡೀಸ್ ಮೇಲೆ ಬಂದರೆ ಆಸ್ಟ್ರೇಲಿಯಾಕ್ಕೆ ಲಾಭವಿತ್ತು, ಏಕೆಂದರೆ ಮುಂದೆ ಹೋದ ತಂಡಗಳ ಎದುರು ಗಳಿಸಿದ ಅಂಕ ಮುಂದಿನ ಹಂತಕ್ಕೂ ಸೇರುತ್ತಿತ್ತು. ವಿಂಡೀಸಿನ ರನ್ ರೇಟ್ ಹಾಳಾಗದಿರಲೆಂದು 111 ರನ್ ಹೊಡೆಯಲು 40.4 ಓವರ್ ಎಳೆದರು. ಉಪಯೋಗವಾಗಲಿಲ್ಲ, ನ್ಯೂಜಿಲೆಂಡೇ ಮುಂದೆ ಹೋಯಿತು. 2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜಪಾನ್ ಮತ್ತು ಸೆನೆಗಲ್ ಅಂಕ, ಗೋಲು, ಪರಸ್ಪರ ಪಂದ್ಯ ಎಲ್ಲದರಲ್ಲೂ ಸಮ. ನಾಲ್ಕು ಹಳದಿ ಕಾರ್ಡಿನ ಜಪಾನ್ ಆರು ಕಾರ್ಡಿನ ಸೆನೆಗಲ್ಲನ್ನು ಹಿಂದಿಕ್ಕಿತು. ಅದು ಶಿಸ್ತಿಗೆ ಸಿಕ್ಕ ಗೌರವ ಎನ್ನುವ ಹಾಗೂ ಇಲ್ಲ: ಪೋಲೆಂಡ್ ಎದುರು 0–1ರಿಂದ ಹಿಂದಿದ್ದರೂ ಕೊನೆಯ ಹತ್ತು ನಿಮಿಷ ಜಪಾನಿಗರು ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸುತ್ತ ಹೊತ್ತು ಕಳೆದರು.

ಚೆಸ್‌ನಲ್ಲಿ ದಾರಿ ಬೇರೆ. ಬುಕ್‌ಹೋಲ್ಜ್ ಎಂಬ ಅಳತೆ ನಿಮ್ಮ ಎದುರಾಳಿಗಳು ಗಳಿಸಿದ ಅಂಕಗಳನ್ನು ಕೂಡುತ್ತದೆ, ಗಟ್ಟಿ ಎದುರಾಳಿ ಸಿಕ್ಕವರಿಗೆ ಅನುಕೂಲ. ಆದರೆ ನಿಮ್ಮ ಹಳೆಯ ಎದುರಾಳಿ ಪಕ್ಕದ ಬೋರ್ಡಿನಲ್ಲಿ ಸೋತರೆ ಪೆಟ್ಟು ನಿಮಗೆ.

ಊರ ಕಬಡ್ಡಿ, ವಾಲಿಬಾಲ್ ಟೂರ್ನಿಗೆ ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವವರಿಗೆ ಒಂದು ಮಾತು. ಅಂಕ ಮತ್ತು ಪಾಯಿಂಟ್ ವ್ಯತ್ಯಾಸವನ್ನು ಬೆರೆಸಿ ಒಂದೇ ಸಂಖ್ಯೆ ಮಾಡುವ ಉಪಾಯ ಆಕರ್ಷಕ, ಆದರೆ ಅಪಾಯಕಾರಿ. ಅಂಕವನ್ನು 100ರಿಂದ ಗುಣಿಸಿ ವ್ಯತ್ಯಾಸ ಕೂಡಿಸಿದಿರಿ ಎನ್ನಿ. 16 ಅಂಕ, 20 ವ್ಯತ್ಯಾಸದ ತಂಡಕ್ಕೆ 1620. 14 ಅಂಕ, 250 ವ್ಯತ್ಯಾಸದ ತಂಡಕ್ಕೆ 1650! ಕಡಿಮೆ ಅಂಕದವರು ಮೇಲೆ ಹತ್ತಿ ಕೂರುತ್ತಾರೆ. ಅಂಕಕ್ಕೆ ಒಂದು ಕಾಲಂ, ವ್ಯತ್ಯಾಸಕ್ಕೆ ಇನ್ನೊಂದು ಇಟ್ಟು, ಒಂದರ ನಂತರ ಒಂದರಂತೆ ವಿಂಗಡಿಸಿ. ಮೂರು ತಂಡ ಸಮವಾದರೆ ಏನು, ಎಲ್ಲವೂ ಸಮವಾದರೆ ಚೀಟಿ ಎತ್ತುವುದೋ ಮರುಪಂದ್ಯವೋ ಎಂಬುದನ್ನೂ ಸೇರಿಸಿ ನಿಯಮವನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಬರೆದು ತಂಡದ ನಾಯಕರ ಸಹಿ ಹಾಕಿಸಿಕೊಳ್ಳಿ. ಪಂದ್ಯ ಶುರುವಾದ ಮೇಲೆ ಬರೆದ ನಿಯಮವನ್ನು ಸೋತ ತಂಡ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.