ಸಕ್ಕರೆ ಕಾಯಿಲೆಗೆ ಕಣ್ಣಿನ ಮೇಲೇ ಏಕೆ ಕಣ್ಣು?

ಇನ್ಸುಲಿನ್ ಸಾಲದೆಯೋ, ಇದ್ದರೂ ಮೈ ಅದರ ಮಾತು ಕೇಳದೆಯೋ ರಕ್ತದಲ್ಲಿ ಗ್ಲೂಕೋಸ್ ಏರಿಯೇ ನಿಂತರೆ ಅದು ಸಕ್ಕರೆ ಕಾಯಿಲೆ. ಎರಡು ಮೂರು ತಿಂಗಳ ಸರಾಸರಿಯನ್ನು ಎಚ್‌ಬಿಎ1ಸಿ ಪರೀಕ್ಷೆ ಹೇಳುತ್ತದೆ. ಅರ್ಥ ಇಷ್ಟೇ, ಜನ ಎಡವುವುದು ಮುಂದಿನ ಪ್ರಶ್ನೆಯಲ್ಲಿ. ರಕ್ತ ಮೈತುಂಬ ಹರಿಯುವಾಗ ಪೆಟ್ಟು ಮಾತ್ರ ಕಣ್ಣು, ಮೂತ್ರಪಿಂಡ, ಪಾದದ ನರಗಳಿಗೇ ಹೆಚ್ಚು ಏಕೆ? ಹೆಚ್ಚಿನ ಜೀವಕೋಶಗಳು ಹೊರಗೆ ಸಕ್ಕರೆ ಏರಿದಾಗ ಒಳಗೆ ಬಿಟ್ಟುಕೊಳ್ಳುವುದನ್ನು ತಗ್ಗಿಸುತ್ತವೆ. ಅಕ್ಷಿಪಟಲದ ಕಿರುರಕ್ತನಾಳಗಳಂಥವಕ್ಕೆ ಆ ಹಿಡಿತವಿಲ್ಲ; ಹೊರಗೆ ಏರಿದಂತೆ ಒಳಗೂ ಏರುತ್ತದೆ. ಕೋಶದೊಳಗಿನ ಮೈಟೋಕಾಂಡ್ರಿಯದಲ್ಲಿ ಸಕ್ಕರೆಯಿಂದ ಬಂದ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟಿ, ಕೊನೆಗೆ ಆಮ್ಲಜನಕ ಸೇರಿ ನೀರಾಗಬೇಕು. ಪೂರೈಕೆ ಅತಿಯಾದಾಗ ಕೆಲವು ನಡುದಾರಿಯಲ್ಲೇ ಸೋರಿ, ಆಮ್ಲಜನಕಕ್ಕೆ ಅಂಟಿ ಸೂಪರಾಕ್ಸೈಡ್ ಹುಟ್ಟುತ್ತದೆ. ಅದನ್ನು ತಣಿಸುವ ಕಿಣ್ವಗಳ ಕೈಸೋತ ಸ್ಥಿತಿಯೇ ಉತ್ಕರ್ಷಣ ಒತ್ತಡ. ಅಮೆರಿಕದ ಮೈಕೆಲ್ ಬ್ರೌನ್ಲಿ ಮತ್ತು ಅವರ ತಂಡದವರು ಇದರ ಮುಂದಿನ ಕೊಂಡಿಯನ್ನು ಬಿಡಿಸಿಟ್ಟರು. ಸೂಪರಾಕ್ಸೈಡಿನಿಂದ ಡಿಎನ್‌ಎ ಮುರಿಯುತ್ತದೆ. ರಿಪೇರಿಗೆಂದು ಎದ್ದ ಕಿಣ್ವವೇ ಸಕ್ಕರೆ ಒಡೆಯುವ ಹಾದಿಯ ಒಂದು ಮುಖ್ಯ ಹಂತವನ್ನು ಕಟ್ಟಿಹಾಕುತ್ತದೆ. ಹಿಂದೆ ಸಾಲುಗಟ್ಟಿದ ಅರೆಬರೆ ಸಕ್ಕರೆ ನಾಲ್ಕು ಅಡ್ಡದಾರಿ ಹಿಡಿದು ರಕ್ತನಾಳವನ್ನು ಕೆಡಿಸುತ್ತದೆ. ಬೇರೆ ಬೇರೆ ಎಂದು ದಶಕಗಟ್ಟಲೆ ಓದಿಕೊಂಡು ಬಂದ ನಾಲ್ಕು ಹಾನಿಗೂ ಒಂದೇ ಬೇರು! ಎಲ್ಲ ಅಂಗಾಂಶಗಳಲ್ಲೂ ಹೀಗೆಯೇ ಎಂಬುದಕ್ಕೆ ತಕರಾರುಗಳಿವೆ, ನಿಜ. ಆದರೂ ಇಷ್ಟು ಸೊಗಸಾದ ವಿವರಣೆ ಜೀವರಸಾಯನದಲ್ಲಿ ಅಪರೂಪ.

ಹಾಗಿದ್ದರೆ ಉತ್ಕರ್ಷಣ ತಡೆಯುವ ಆ್ಯಂಟಿ-ಆಕ್ಸಿಡೆಂಟ್ ಮಾತ್ರೆ ನುಂಗಿದರಾಯಿತಲ್ಲ ಎಂದು ಯಾರಾದರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ, ಮತ್ತು ಅದನ್ನು ದೊಡ್ಡ ಪ್ರಮಾಣದಲ್ಲೇ ಕೇಳಿ ನೋಡಿದ್ದಾರೆ. 2000ದಲ್ಲಿ ಪ್ರಕಟವಾದ ‘ಹೋಪ್’ ಪ್ರಯೋಗದಲ್ಲಿ ವಿಟಮಿನ್ ಇ ಹೃದಯಾಘಾತವನ್ನು ತಡೆಯಲಿಲ್ಲ. 2002ರ ಬ್ರಿಟನ್ ಅಧ್ಯಯನದಲ್ಲಿ 20,536 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಐದು ವರ್ಷ ವಿಟಮಿನ್ ಇ, ಸಿ, ಬೀಟಾ ಕ್ಯಾರೊಟಿನ್ ಕೊಟ್ಟರು. ರಕ್ತದಲ್ಲಿ ವಿಟಮಿನ್ ಏರಿತು, ಕಾಯಿಲೆ ಇಳಿಯಲಿಲ್ಲ. 2009ರ ಜರ್ಮನಿಯ ಕಿರುಪ್ರಯೋಗವೊಂದು ಇನ್ನೂ ವಿಚಿತ್ರ: ವ್ಯಾಯಾಮದಿಂದ ಇನ್ಸುಲಿನ್ ಚುರುಕಾಗುವ ಲಾಭವನ್ನೇ ಸಿ ಮತ್ತು ಇ ಮಾತ್ರೆಗಳು ಅಳಿಸಿದವು. ಅಲ್ಪ ಪ್ರಮಾಣದ ಉತ್ಕರ್ಷಣ ಮೈಗೆ ಬೇಕಾದ ಸೂಚನೆಯೂ ಹೌದು. ಇತ್ತ ಸಕ್ಕರೆಯನ್ನೇ ಇಳಿಸಿದ ಪ್ರಯೋಗಗಳನ್ನು ನೋಡಿ. 1993ರ ಡಿಸಿಸಿಟಿ ಪ್ರಯೋಗದಲ್ಲಿ ಟೈಪ್ 1 ಇರುವವರ ಎಚ್‌ಬಿಎ1ಸಿಯನ್ನು ಸುಮಾರು ಶೇ. 9ರ ಬದಲು ಶೇ. 7ರ ಆಸುಪಾಸಿನಲ್ಲಿ ಇಟ್ಟಾಗ, ಕಣ್ಣು ಕೆಡದಿದ್ದವರಲ್ಲಿ ಅದು ಹೊಸದಾಗಿ ಕೆಡುವ ಅಪಾಯ ಶೇ. 76ರಷ್ಟು ತಗ್ಗಿತು. ಟೈಪ್ 2ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ 1998ರಲ್ಲಿ ಕಿರುರಕ್ತನಾಳದ ತೊಂದರೆ ಶೇ. 25ರಷ್ಟು ಇಳಿದುದನ್ನು ತೋರಿಸಿತು. ಒಲೆಗೆ ಹಸಿ ಸೌದೆ ತುರುಕುತ್ತ ಹೊಗೆಗೆ ಬೀಸಣಿಗೆ ಬೀಸುವುದಕ್ಕಿಂತ ಸೌದೆ ಹೊರಗೆಳೆಯುವುದು ಮೇಲು.

ಇದೇ ಲೆಕ್ಕ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯ ಊಟದ ತಟ್ಟೆಗೂ ಸಲ್ಲುತ್ತದೆ. ‘ಶುಗರ್ ಇದ್ದವರಿಗೆ ಮುದ್ದೆ ಎಷ್ಟಾದರೂ ಆಗುತ್ತೆ’ ಎಂಬ ನಂಬಿಕೆ ಈ ರಾಗಿ ಸೀಮೆಯಲ್ಲಿ ಗಟ್ಟಿ. ಅದರ ಪರವಾಗಿ ಸಾಕ್ಷ್ಯವೂ ಇದೆ: ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧಕರು ರಾಗಿಯ ಕೆಂಪು ಸಿಪ್ಪೆಯ ಪಾಲಿಫಿನಾಲ್ ಎಂಬ ಸಂಯುಕ್ತಗಳು ಪಿಷ್ಟ ಜೀರ್ಣಿಸುವ ಕಿಣ್ವಗಳನ್ನು ತಡೆಯುವುದನ್ನು ಕಂಡರು, ಮಧುಮೇಹ ಬರಿಸಿದ ಇಲಿಗಳಿಗೆ ಆ ಸಿಪ್ಪೆಯನ್ನು ಉಣಿಸಿದಾಗ ರಕ್ತದ ಸಕ್ಕರೆ ಇಳಿಯಿತು, ಕಣ್ಣಿನ ಪೊರೆ ತಡವಾಯಿತು. ಆದರೆ ಇಲಿ ತಿಂದದ್ದು ಸಿಪ್ಪೆ, ನಾವು ತಿನ್ನುವುದು ಹಿಟ್ಟು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೇ ಇರುತ್ತದೆ. ಮಿಲ್ಲಿನಲ್ಲಿ ನುಣ್ಣಗೆ ಬೀಸಿಸಿ, ಜರಡಿ ಹಿಡಿದು ತೌಡು ತೆಗೆದು, ಬಿಸಿನೀರಿನಲ್ಲಿ ಚೆನ್ನಾಗಿ ಬೇಯಿಸಿ ತೊಳಸಿದರೆ ಆ ಪಿಷ್ಟ ಬೇಗನೆ ಗ್ಲೂಕೋಸ್ ಆಗುತ್ತದೆ. ಸಿಪ್ಪೆಯ ಸತ್ವವನ್ನು ನೆಚ್ಚಿ ಎರಡು ಮುದ್ದೆ ಹೆಚ್ಚಿಗೆ ಉಣ್ಣುವುದು, ಸಕ್ಕರೆ ಏರಿಸಿಕೊಂಡು ಮೇಲೆ ವಿಟಮಿನ್ ನುಂಗಿದ ಹಾಗೆಯೇ. ಮುದ್ದೆ ಬಿಡಿ ಎನ್ನುತ್ತಿಲ್ಲ. ಚಿಕ್ಕದು ಮಾಡಿ, ಜೊತೆಗೆ ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ ಇರಲಿ, ವೈದ್ಯರು ಕೊಟ್ಟ ಮಾತ್ರೆ ತಪ್ಪದಿರಲಿ. ಇಲಿಯ ಮೇಲಿನ ಪ್ರಯೋಗ ಮುಗಿದ ಕಡೆ ಮನುಷ್ಯರ ತಟ್ಟೆಯ ಪ್ರಯೋಗ ಶುರುವಾಗಬೇಕು. ಜರಡಿ ಹಿಡಿದ ಹಿಟ್ಟಿನ ಮುದ್ದೆ, ಹಿಡಿಯದ ಹಿಟ್ಟಿನ ಮುದ್ದೆ, ಬರೀ ಸಾರಿನ ಜೊತೆ, ಕಾಳಿನ ಬಸ್ಸಾರಿನ ಜೊತೆ — ತೂಕ ಒಂದೇ ಇಟ್ಟು, ಉಂಡ ಎರಡು ಗಂಟೆಯ ಮೇಲೆ ರಕ್ತದ ಸಕ್ಕರೆಯನ್ನೂ ಉತ್ಕರ್ಷಣದ ಗುರುತುಗಳನ್ನೂ ಒಟ್ಟಿಗೆ ಅಳೆಯುವ ಕೆಲಸವನ್ನು ತುಮಕೂರಿನ ಆಸುಪಾಸಿನ ವೈದ್ಯಕೀಯ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲಿ.